ಚಿಗರಿ ಹೊಡಿಯಾಕ ಒಂದು ಬಂದೂಕು

ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಂದು 'ಅಕ್ಕಾರ, ಸ್ವಲ್ಪ ತಣ್ಣಗ ಬರೀಬೇಕಿತ್ರಿ' ಅನ್ನಬಾರದು. ತಣ್ಣಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಹೊಲಕ್ಕೆ ಚಿಗರಿ ಬರುವುದಿಲ್ಲ.

ನಮ್ಮ ಹೊಲಕ್ಕೆ ಬರುತ್ತವೆ. ರಾಣೆಬೆನ್ನೂರು ದಾಟಿ ದೇವರಗುಡ್ಡದ ಕಡೆ ಹೋಗುವ ದಾರಿಯಲ್ಲಿ, ಅಭಯಾರಣ್ಯದ ಮಗ್ಗುಲಿಗೆ ನಮ್ಮ ಕರಿಮಣ್ಣಿನ ಹೊಲ. ಪುಸ್ತಕದಲ್ಲಿ ಅವಕ್ಕೆ ಕೃಷ್ಣಮೃಗ ಅಂತ ಬರೆದಿರುತ್ತಾರೆ, ನೋಡಲು ಬಂದವರು ಕಾರಿನ ಕಿಟಕಿ ಇಳಿಸಿ 'ವಾವ್' ಅನ್ನುತ್ತಾರೆ. ನಾವು ಚಿಗರಿ ಅನ್ನುತ್ತೇವೆ. ಗೋವಿನಜೋಳ ಮೊಳೆತು ಎರಡು ಎಲೆ ಬಿಟ್ಟಿತೋ ಇಲ್ಲವೋ, ಹಿಂಡು ಕಟ್ಟಿಕೊಂಡು ಬಂದು ಸಾಲು ಹಿಡಿದು ತಿನ್ನುತ್ತವೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ನಾನು ಅವಕ್ಕೆ ಬೈಯದ ಬೈಗುಳ ಇಲ್ಲ. ಆದರೆ ಒಂದು ಸಲ ಕಳೆ ತೆಗೆಯುವಾಗ ಶೇಂಗಾ ಸಾಲಿನ ನಡುವೆ ಒಂದು ಮರಿ ಮುದುಡಿಕೊಂಡು ಮಲಗಿತ್ತು. ಆ ಸಾಲಿನ ಕಳೆ ಹಾಗೇ ಬಿಟ್ಟು ಮುಂದೆ ಹೋದೆ. ಸಂಜೆಯ ಹೊತ್ತಿಗೆ ಅದರ ತಾಯಿ ಬಂದು ಕರೆದುಕೊಂಡು ಹೋಗಿತ್ತು. ಬೈಯುವುದು ಬೇರೆ, ಕೊಲ್ಲುವುದು ಬೇರೆ. ಇಷ್ಟು ತಿಳಿಯದವರು ಮುಂದೆ ಓದುವುದೇ ಬೇಡ.

ನನ್ನ ಗಂಡ ಇರುವತನಕ ಚಿಗರಿ ಕಾಯುವ ಕೆಲಸ ಅವರದಾಗಿತ್ತು. ಒಂದು ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ಬಂದ ಬೀಗರು ಇನ್ನೂ ಊರಿಗೆ ಹೋಗಿರಲಿಲ್ಲ, ನನ್ನ ಮೈದುನ ಹೊಲದ ಮಾತು ತೆಗೆದ. ಅವನ ಪಾಲಿಗೆ ಮೇಡ್ಲೇರಿಯಲ್ಲಿ ಹೊಳೆಯ ನೀರು ಹಾಯುವ ಹೊಲ ಹೋಗಿತ್ತು, ನಮ್ಮ ಪಾಲಿಗೆ ಈ ಮಳೆ ನಂಬಿದ ಹೊಲ. ಅದರ ಮೇಲೂ ಅವನ ಕಣ್ಣು. ಕಾಗದದಲ್ಲಿ ಹೊಲ ಇನ್ನೂ ನನ್ನ ಅತ್ತೆಯ ಹೆಸರಿಗೇ ಇತ್ತು. ಮೈದುನ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ:

"ಯವ್ವಾ, ವೈನಿ ಒಬ್ಬಾಕಿ. ಚಿಗರಿ ಕಾಯೂದು ಹೆಣ್ಮಕ್ಕಳ ಕೈಲಾಗೂದಲ್ಲ. ನಾನ ಹೊಲಾ ಲಾವಣಿಗೆ ಹಿಡಿದು ಮಾಡ್ಕೊಂಡು ಹೋಗ್ತೀನಿ, ಮನಿಗೆ ಕಾಳು ತಂದು ಹಾಕ್ತೀನಿ."

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದರು. ಮಗನನ್ನು ಕಳೆದುಕೊಂಡ ಜೀವ, ಆದರೂ ಮಾತು ಗಟ್ಟಿಯಾಗಿತ್ತು.

"ಹೊಲಾ ಯಾರು ಹೊಡೀತಾರೋ ಅವರದು. ಆಕಿ ಹೊಡಿಯೂ ತನಕ ಆಕೀದು. ಆಕಿ ಕೈ ಚೆಲ್ಲಿದ ದಿನಾ ನೀ ಬಾ. ಅಲ್ಲೀ ತನಕ ಸುಮ್ನಿರು."

ಹಾಗೆ ಹೊಲ ನನ್ನ ಕೈಗೆ ಬಂತು, ಮೈದುನನ ಕಣ್ಣು ನನ್ನ ಬೆನ್ನಿಗೆ ಬಂತು. ನಾನು ಸೋಲುವುದನ್ನೇ ಕಾಯುತ್ತ ಕೂತ. ಮೊಳಕೆಗೆ ಚಿಗರಿ ಬಾಯಿ ಹಾಕಿದ ಮರುದಿನ ಬೈಕು ತಂದು ಬದುವಿನ ಮೇಲೆ ನಿಲ್ಲಿಸಿ, "ಅಯ್ಯ, ಏನ್ರಿ ವೈನಿ, ಹೊಲಾ ಬೋಳು ಆಗೇತಲ್ಲಾ" ಅನ್ನುವುದು. ಆ 'ಅಯ್ಯ'ದಲ್ಲಿ ಎಷ್ಟು ಖುಷಿ ಇರುತ್ತಿತ್ತೋ ಶಿವನೇ ಬಲ್ಲ. ನಾನು ಹಳೇ ಸೀರೆ ಕಟ್ಟಿದೆ, ಬೆದರುಗೊಂಬೆ ನಿಲ್ಲಿಸಿದೆ, ಪಟಾಕಿ ಹಚ್ಚಿದೆ, ಎಣ್ಣೆ ಡಬ್ಬಿ ಬಡಿದೆ. ನಾಲ್ಕು ದಿನ ಹೆದರುತ್ತವೆ, ಐದನೆಯ ದಿನ ಡಬ್ಬಿ ಬಡಿಯುವವಳ ಮುಖ ನೋಡಿಕೊಂಡೇ ಮೇಯುತ್ತವೆ. ಎರಡನೆಯ ಸಲ ಬಿತ್ತಿದ್ದೂ ಹೋಯಿತು. ಇನ್ನೊಂದು ಮುಂಗಾರು ಹೀಗೇ ಆದರೆ ಅತ್ತೆಯ ಮಾತು ಅತ್ತೆಯೇ ತಿರುಗಿಸಬೇಕಾಗುತ್ತಿತ್ತು. ಹೊಲ ಮೈದುನನ ಪಾಲಾಗುತ್ತಿತ್ತು. ನನಗೆ ಅಡುಗೆಮನೆ ಉಳಿಯುತ್ತಿತ್ತು.

ಬಂದೂಕಿನ ವಿಚಾರ ಬಂದದ್ದು ಆಗ. ಹಲಗೇರಿ ನನ್ನ ತವರು. ನಮ್ಮಪ್ಪ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಯ ಒಬ್ಬ ದಲಾಲರ ಅಂಗಡಿಗೆ ಹೋಗುತ್ತಿದ್ದ. ಅವರನ್ನು ನಾನು ಚಿಕ್ಕಂದಿನಿಂದ ಕಾಕಾ ಅಂತಲೇ ಕರೆದದ್ದು. ಅವರಿಗೂ ಹೊಲ ಇತ್ತು, ಬೆಳೆ ಕಾಯಲು ಪರವಾನಗಿಯ ಬಂದೂಕು ಇತ್ತು. ಈಗ ಕಣ್ಣಿಗೆ ಪೊರೆ ಬಂದು ಹೊಲದ ಉಸಾಬರಿ ಬಿಟ್ಟಿದ್ದಾರೆ, ಬಂದೂಕು ಯಾರಿಗಾದರೂ ದಾಟಿಸಬೇಕು ಅಂತಿದ್ದಾರೆ ಅಂತ ನಮ್ಮಣ್ಣ ಫೋನಿನಲ್ಲಿ ಹೇಳಿದ. ಮರುದಿನವೇ ಬಸ್ಸು ಹತ್ತಿದೆ.

ಬ್ಯಾಡಗಿಯಲ್ಲಿ ಇಳಿದವರ ಕಣ್ಣಲ್ಲಿ ನೀರು ಬರಲು ದುಃಖವೇ ಬೇಕಂತಿಲ್ಲ. ಮಾರುಕಟ್ಟೆಯ ಘಾಟಿಗೆ ಸೆರಗು ಮೂಗಿಗೆ ಹಿಡಿದು, ಸೀನುತ್ತ ಸೀನುತ್ತ ಅವರ ಮನೆ ಹೊಕ್ಕೆ. ಕಾಕಾ ಬಂದೂಕನ್ನು ಹಳೇ ದುಪಟಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಒಂಟಿ ನಳಿಗೆಯದು. ನಡು ಮುರಿದು ಒಂದು ಕಾಡತೂಸು ತುಂಬಬೇಕು, ಒಂದೇ ಸಲ ಹಾರಿಸಬೇಕು, ಮತ್ತೆ ಬೇಕೆಂದರೆ ಮತ್ತೆ ಮುರಿದು ತುಂಬಬೇಕು. ಹಿಡಿಯ ಕಟ್ಟಿಗೆ ಸೀಳಿತ್ತು, ಅದಕ್ಕೆ ತಾಮ್ರದ ತಂತಿ ಬಿಗಿದಿದ್ದರು. ಎತ್ತಿ ನೋಡಿದೆ. ನೀರು ತುಂಬಿದ ಕೊಡ ಹೊತ್ತ ಹೆಗಲಿಗೆ ಅದೇನು ಭಾರ? ಆದರೆ ಮೂಸಿದರೆ ಎಣ್ಣೆಯ ವಾಸನೆಯ ಜೊತೆಗೆ ಮೆಣಸಿನಕಾಯಿ ಘಾಟು. ನಾನು ಬಂದೂಕು ಹಿಡಿದುಕೊಂಡೇ ಜೋರಾಗಿ ಸೀನಿದೆ. ಕಾಕಾ ಬೊಚ್ಚು ಬಾಯಿ ತೆರೆದು ನಕ್ಕರು.

"ಗುಂಡು ಹಾರೂದ್ರಾಗ ನೀನ ಹಾರಿ ಬಿದ್ದೀಯವಾ, ಮಗಳ."

"ನೀವು ಎಂದರ ಹಾರಿಸಿದ್ರೇನು ಕಾಕಾ?"

"ಹಾರಿಸದ ಏನವಾ? ಚಿಗರಿ ಹೊಡಿಯಾಕಂತನ ತಗೊಂಡಿದ್ದೆ. ಮುಗಿಲ ಕಡೆ ನಳಿಗಿ ಎತ್ತಿ ಒಂದ ಒಂದು ಢಂ ಅನ್ನಿಸಬೇಕು. ಹಿಂಡು ಬದು ಹಾರಿ ಹೋತಂದ್ರ ಎಂಟು ದಿನಾ ಆ ಕಡೆ ಹಾಯೂದಿಲ್ಲ. ಇಷ್ಟು ವರ್ಷ ಚಿಗರಿ ಹೊಡದೇನಿ, ಒಂದರ ಮೈಗೂ ಗುಂಡು ತಾಗಿಲ್ಲ. ಮೈಲಾರಲಿಂಗನಾಣಿ."

ಈ ಮಾತನ್ನು ಓದುವವರು ಒಂದು ಗಳಿಗೆ ನಿಲ್ಲಬೇಕು. ಚಿಗರಿ ಹೊಡೆದೇನಿ, ಒಂದರ ಮೈಗೂ ಗುಂಡು ತಾಗಿಲ್ಲ. ಇದರಲ್ಲಿ ನಿಮಗೇನಾದರೂ ತಪ್ಪು ಕಂಡಿತೇ? ನಮಗೆ ಕಾಣುವುದಿಲ್ಲ. ನಮ್ಮ ಕಡೆ ಹೊಡೆಯುವುದು ಅಂದರೆ ಓಡಿಸುವುದು, ಅಟ್ಟುವುದು, ಆಚೆ ದಾಟಿಸುವುದು. ಜೋಳದ ತೆನೆಗೆ ಗುಬ್ಬಿ ಕೂತರೆ ಹಕ್ಕಿ ಹೊಡಿಯಾಕ ಹೋಗುತ್ತೇವೆ, ಸಂಜೆಗೆ ಹಕ್ಕಿಯೂ ಮನೆಗೆ ಹೋಗುತ್ತದೆ, ನಾವೂ ಮನೆಗೆ ಬರುತ್ತೇವೆ. ದನ ಹೊಡ್ಕೊಂಡು ಬಾ ಅಂದರೆ ದನಕ್ಕೆ ಬಡಿಗೆಯಿಂದ ಬಾರಿಸು ಅಂತಲ್ಲ. ಗಾಡಿ ಹೊಡೀತಾರೆ, ಬೆಳೆಗೆ ಹುಳದ ಎಣ್ಣೆ ಹೊಡೀತಾರೆ, ಮದುವೆಯಲ್ಲಿ ಫೋಟೋ ಹೊಡೀತಾರೆ, ಉಂಡು ನಿದ್ದೆ ಹೊಡೀತಾರೆ. ಹಾಂ, ಬಡಿಯುವುದಕ್ಕೂ ಹೊಡಿಯೂದು ಅಂತೀವಿ, ಗುಂಡು ಹಾಕುವುದಕ್ಕೂ ಅಂತೀವಿ. ಯಾವುದು ಯಾವಾಗ ಅನ್ನುವುದು ತಾಯಿಯ ಹಾಲು ಕುಡಿದವರಿಗೆ ತಿಳಿಯುತ್ತದೆ. ಕಾಕಾನಿಗೆ ನಾನು ಕೇಳಲಿಲ್ಲ, ಅವರು ನನಗೆ ಹೇಳಲಿಲ್ಲ.

ಪರವಾನಗಿ ನನ್ನ ಹೆಸರಿಗೆ ಬರುವತನಕ ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಕಾಕಾ ಮಾತು ಕೊಟ್ಟರು. ನಾನು ಅರ್ಜಿ ಹಾಕಿದೆ. ವಿಚಾರಣೆಗೆ ಹಾವೇರಿಯ ಕಚೇರಿಗೆ ಬರಲು ಕರೆ ಬಂತು. ಸುದ್ದಿ ತಿಳಿದ ಮೈದುನ ಬೆಳಿಗ್ಗೆಯೇ ಬೈಕು ಒರೆಸಿಕೊಂಡು ಬಾಗಿಲಿಗೆ ಬಂದ.

"ವೈನಿ, ಹೆಣ್ಮಗಳು ಒಬ್ಬಾಕಿ ಕಚೇರಿಗೆ ಯಾಕ ಹೋಗೂದು? ನಾ ಬರ್ತೀನಿ. ನಾಕು ಮಾತು ಹೇಳಬೇಕಾಗತೈತಿ."

ಅಣ್ಣ ಹೋದ ಮೇಲೆ ತಮ್ಮನಿಗೆ ಬುದ್ಧಿ ಬಂತು ಅಂದುಕೊಂಡೆ. ಎಂಥ ಮಂಗ್ಯಾ ನಾನು!

ಕಚೇರಿಯ ಸಾಹೇಬರು ಮೈಸೂರು ಕಡೆಯವರು. ಬಂದು ಬಹಳ ದಿನ ಆಗಿರಲಿಲ್ಲ. ನನ್ನನ್ನು ನಿಲ್ಲಿಸಿ, ಮೈದುನನಿಗೆ ಕುರ್ಚಿ ತೋರಿಸಿದರು. ಅವನು ಕೂತ. ಕೂತನಲ್ಲ! ಅಲ್ಲಿಂದಲೇ ನನ್ನ ಮೈ ಉರಿಯಲು ಶುರುವಾಗಿತ್ತು.

"ಯಾಕಮ್ಮ ಬೇಕು ನಿನಗೆ ಬಂದೂಕು?"

"ಚಿಗರಿ ಹೊಡಿಯಾಕ್ರಿ, ಸಾಹೇಬ್ರ."

ಬರೆಯುತ್ತಿದ್ದ ಪೆನ್ನು ನಿಂತಿತು. "ಏನಂದೆ? ಚಿಗರಿ ಅಂದ್ರೇನು?"

ನಾನು ಬಾಯಿ ತೆಗೆಯುವ ಮೊದಲೇ ಮೈದುನ ಕುರ್ಚಿಯ ತುದಿಗೆ ಬಂದು, ಶಾಲೆಯಲ್ಲಿ ಮೊದಲು ಕೈ ಎತ್ತುವ ಹುಡುಗನ ಹಾಗೆ ಹೇಳಿದ: "ಕೃಷ್ಣಮೃಗ ಸರ್."

ನೋಡಿ, ಚಿಗರಿಗೆ ಅವನಿಗೆ ಎಂಥ ಚಂದದ ಕನ್ನಡ ಸಿಕ್ಕಿತು! ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವನ ಬಾಯಲ್ಲಿ ಆ ಶಬ್ದ ಬಂದದ್ದನ್ನು ನಾನು ಕೇಳಿರಲಿಲ್ಲ. ಚಿಗರಿಯನ್ನು ತಿರುಗಿಸಿ ಹೇಳಿದ ಬಾಯಿ, ಅದರ ಪಕ್ಕದಲ್ಲೇ ಇದ್ದ ಹೊಡಿಯೂದನ್ನು ಮುಟ್ಟಲೇ ಇಲ್ಲ.

ಸಾಹೇಬರ ಮುಖ ಕೆಂಪಾಯಿತು. "ಕೃಷ್ಣಮೃಗ ಹೊಡೀತೀಯಾ? ನನ್ನ ಮುಂದೇನೇ ನಿಂತು ಹೇಳ್ತಿದೀಯಾ? ಜೈಲಿಗೆ ಹೋಗ್ತೀಯ, ಗೊತ್ತಾ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಎರಡೂ ಕೈ ಅಡ್ಡ ಆಡಿಸಿದೆ. "ಅಯ್ಯ ಶಿವನ, ಹಂಗಲ್ರಿ ಸಾಹೇಬ್ರ! ಹೊಡಿಯೂದು ಅಂದ್ರ ಹೊಡಿಯೂದಲ್ರಿ!"

"ಹೊಡೆಯೋದು ಅಂದ್ರೆ ಹೊಡೆಯೋದಲ್ಲ?"

"ಅಲ್ರೀ. ಹೊಡಿಯೂದು ಅಂದ್ರ ಸುಮ್ನ ಹೊಡಿಯೂದು. ಹಕ್ಕಿ ಹೊಡಿಯೂದಿಲ್ಲೇನ್ರಿ, ಹಂಗ."

"ಓ, ಹಕ್ಕೀನೂ ಹೊಡೀತೀಯಾ!"

ಈಗ ನಗು ಬರುತ್ತದೆ ಅನ್ನುವವರು ನಗಬಹುದು. ನನಗೆ ಇವತ್ತಿಗೂ ಬಂದಿಲ್ಲ. ನನ್ನ ನಾಲಿಗೆ ನನ್ನ ಜಿಲ್ಲೆಯಲ್ಲಿ, ನನ್ನ ಭಾಷೆ ಆಡಿದ್ದಕ್ಕೆ, ಕಟಕಟೆಯಲ್ಲಿ ನಿಂತಿತ್ತು. ಓಡಿಸುವುದು ಅನ್ನುವ ಒಂದು ಶಬ್ದ ಸಿಕ್ಕಿದ್ದರೆ ಸಾಕಿತ್ತು. ಸಿಟ್ಟು, ಹೆದರಿಕೆ ಎರಡರ ನಡುವೆ ಆ ಶಬ್ದ ಸಿಗಲೇ ಇಲ್ಲ. ಸಾಹೇಬರು ಕೊನೆಗೆ ಮೈದುನನ ಕಡೆ ತಿರುಗಿದರು. ಅದು ಅವರು ಮಾಡಿದ ಒಂದೇ ನ್ಯಾಯದ ಕೆಲಸ.

"ಏನಪ್ಪ, ನಿಮ್ಮ ಕಡೆ ಹೊಡೆಯೋದು ಅಂದ್ರೆ ಬೇರೆ ಏನಾದ್ರೂ ಅರ್ಥ ಇದೆಯಾ?"

ಇಡೀ ಹೊಲ, ಅದರ ನಾಲ್ಕೂ ಬದು, ಆ ಗಳಿಗೆ ಅವನ ನಾಲಿಗೆಯ ಮೇಲೆ ಇತ್ತು. ಚಿಕ್ಕವನಿದ್ದಾಗ ಇದೇ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಹೊಡೆದವನು ಅವನು. ದನ ಹೊಡೆದುಕೊಂಡು ಕೆರೆಗೆ ಹೋದವನು. ಅವನು ತನ್ನ ಬೂಟಿನ ತುದಿ ನೋಡಿದ, ಕಿಟಕಿ ನೋಡಿದ, ಹಲ್ಲು ಕಿಸಿದ.

"ಏನ್ ಹೇಳೂದ್ರಿ ಸರ್. ವೈನಿ ಮೊದಲಿಂದ ಸ್ವಲ್ಪ ಸಿಟ್ಟಿನಾಕಿ."

ಅಷ್ಟೇ. ಅರ್ಜಿ ಅಲ್ಲೇ ತಿರಸ್ಕಾರ ಆಯಿತು. ಇನ್ನೊಮ್ಮೆ ಈ ಮಾತು ಆಡಿದರೆ ಅರಣ್ಯ ಇಲಾಖೆಗೆ ತಿಳಿಸುತ್ತೇನೆ ಅಂತ ಸಾಹೇಬರು ಬುದ್ಧಿವಾದ ಹೇಳಿ ಕಳಿಸಿದರು.

ಹೊರಗೆ ಬಂದು ಬೈಕಿನ ಹತ್ತಿರ ಅವನನ್ನು ತಡೆದು ನಿಲ್ಲಿಸಿದೆ. "ಯಾಕ ಸುಮ್ನ ಕುಂತಿ?" ಅಂದೆ.

"ಸಾಹೇಬ್ರ ಎದುರಿಗೆ ನಾ ಏನ್ ಮಾತಾಡ್ಲಿ ವೈನಿ? ದೊಡ್ಡ ಮಂದಿ."

"ಕೃಷ್ಣಮೃಗ ಅನ್ನಾಕ ಬಾಯಿ ಬಂತು. ಓಡಿಸೂದು ಅನ್ನಾಕ ಬಾಯಾಗ ಏನ್ ಮಣ್ಣು ಬಿದ್ದಿತ್ತೇನೋ ನಿನಗ?"

"ಆದದ್ದಾತು ಬಿಡ್ರಿ. ಹತ್ರಿ, ಮಂಡಕ್ಕಿ ಮಿರ್ಚಿ ತಿಂದು ಹೋಗೂಣು."

ಮಿರ್ಚಿ ತಿನ್ನಬೇಕಂತೆ! ಅವನ ಬೈಕಿನ ಹಿಂದೆ ಕೂರುವುದಕ್ಕಿಂತ ನಡೆದು ಹೋಗುವುದೇ ಮೇಲು ಅನ್ನಿಸಿತು. ಅವನನ್ನು ಅಲ್ಲೇ ಬಿಟ್ಟು ನಿಲ್ದಾಣಕ್ಕೆ ಹೋಗಿ ರಾಣೆಬೆನ್ನೂರು ಬಸ್ಸು ಹತ್ತಿದೆ. ಬಸ್ಸು ತುಂಬಿದ ಮೇಲೆ ಕಂಡಕ್ಟರು ಬಾಗಿಲು ಬಡಿದು, "ಹೊಡಿಯಪಾ ಗಾಡಿ!" ಅಂತ ಕೂಗಿದ. ಡ್ರೈವರು ಹೊಡೆದ. ಯಾರೂ ಅವರಿಬ್ಬರನ್ನು ಜೈಲಿಗೆ ಹಾಕಲಿಲ್ಲ. ನಾನು ಕಿಟಕಿಯ ಸರಳು ಹಿಡಿದುಕೊಂಡು ಊರು ಬರುವತನಕ ಹಲ್ಲು ಕಚ್ಚಿಕೊಂಡು ಕೂತೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು "ಹಲ್ಲು ಬ್ಯಾನಿ ಏನ್ರಿ ಅಕ್ಕಾರ? ಲವಂಗ ಇಟ್ಕೋರಿ" ಅಂದಳು. ಪಾಪ, ಆಕೆಗೇನು ಗೊತ್ತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು "ಅಂವಾ ಸುಮ್ನ ಕುಂತ್ನಾ?" ಅಂತ ಮಾತ್ರ ಕೇಳಿದರು. ಹೌದು ಅಂದೆ. ಎದ್ದು ಒಳಗೆ ಹೋದರು.

ಮಳೆ ಬಂತು. ಬಿತ್ತಿದೆ. ಮೊಳಕೆ ಕಾಣಿಸಿದ ವಾರದಲ್ಲಿ ಬ್ಯಾಡಗಿಯಿಂದ ಫೋನು ಬಂತು. ಕಾಕಾ ಯಾವಾಗಲೂ ಫೋನಿನಲ್ಲಿ ಊರಿಗೆ ಕೇಳುವ ಹಾಗೆ ಕೂಗುತ್ತಾರೆ. ಅವತ್ತು ಪಿಸುಗುಟ್ಟುತ್ತಿದ್ದರು.

"ಮಗಳ, ನಿನ್ನ ಮೈದುನ ಬಂದಿದ್ದ. ಬಂದೂಕು ತನಗ ಕೊಡಬೇಕಂತ. ನೀ ಒಪ್ಪೀದಿ ಅಂದ. ಒಪ್ಪೀಯೇನು?"

"ನಾನಾ? ನನಗ ಸುದ್ದೀನ ಇಲ್ಲ ಕಾಕಾ."

"ನನಗೂ ಸಂಶೆ ಬಂತವಾ. ಅರ್ಜಿ ಕೊಟ್ಟಾನಂತ. ಬೆಳೆ ರಕ್ಷಣೆ ಅಂತ ಬರಸ್ಯಾನಂತ. ಆದ್ರ ಬಂದೂಕು ಕೈಯಾಗ ಹಿಡಕೊಂಡು ಏನ್ ಕೇಳಿದ ಗೊತ್ತೈತೇನು? 'ಇದ್ರಾಗ ದೊಡ್ಡ ಗುಂಡಿನ ಕಾಡತೂಸು ಕುಂದ್ರತೈತೇನು, ಎಷ್ಟು ದೂರಿದ್ರ ಕೆಡವತೈತಿ' ಅಂದ. ಏನ್ ಕೆಡವ್ತೀಯೋ ಅಂದೆ. ನಕ್ಕೊಂತ, 'ನಾಕು ಮಂದಿ ಬಂದಾಗ ಛಲೋ ಊಟ ಹಾಕಬೇಕಲ್ಲಾ ಕಾಕಾ' ಅಂದ."

ಹೊಡಿಯಾಕ ಅಂದ ನಾನು ಓಡಿಸುವವಳು. ರಕ್ಷಣೆ ಅಂದ ಅವನು ಕೊಲ್ಲುವವನು. ಶಬ್ದ ಚಂದ ಇದ್ದವನಿಗೆ ಬಂದೂಕು, ನಾಲಿಗೆ ಒರಟು ಇದ್ದವಳಿಗೆ ಬುದ್ಧಿವಾದ. ಇದಕ್ಕೆ ಸಿಟ್ಟು ಬರದಿದ್ದರೆ ನನ್ನ ಮೈಯಲ್ಲಿ ಹರಿಯುವುದು ನೆತ್ತರೋ ಮಜ್ಜಿಗೆಯೋ?

"ನೀ ಬ್ಯಾಡ ಅಂದ್ರ ನಾ ಕೊಡೂದಿಲ್ಲ" ಅಂದರು ಕಾಕಾ. "ಇನ್ನೊಂದು ಮಾತು. ನಾಳೆ ಮುಂಜಾನೆ ಸಾಹೇಬ್ರು ಹೊಲಾ ನೋಡಾಕ ಬರ್ತಾರಂತ. ಯಾವ ಹೊಲಾನೋ ಅಂದ್ರ ನಿನ್ನ ಹೊಲಾ ಹೇಳಿದ. ತಾನ ಮಾಡತೀನಿ ಅಂತ ಬರಸ್ಯಾನ."

ಅದು ಬಂದೂಕಿನ ಅರ್ಜಿಯಷ್ಟೇ ಅಲ್ಲ ಅಂತ ನನಗೆ ಆಗ ಹೊಳೆಯಿತು. ಈ ಹೊಲ ಇವನು ಮಾಡುತ್ತಾನೆ ಅಂತ ಸರಕಾರದ ಒಬ್ಬ ಸಾಹೇಬರು ಒಮ್ಮೆ ಬರೆದರೆ ಸಾಕು. ಆ ಹಾಳೆ ತಂದು ಅತ್ತೆಯ ಮುಂದೆ ಹಿಡಿಯುತ್ತಾನೆ. ಮುಂದೆ ನಾನು ಯಾರ ಮುಂದೆ ಬಾಯಿ ಬಡಿದುಕೊಳ್ಳಲಿ?

ಮರುದಿನ ರೊಟ್ಟಿ ಕಟ್ಟಿಕೊಂಡು, ಎಣ್ಣೆ ಡಬ್ಬಿ ಹಿಡಿದುಕೊಂಡು ಹೊಲಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಕೂತೆ. ಮುಂಜಾನೆ ಬರುತ್ತೇನೆಂದವರು ಮಧ್ಯಾಹ್ನಕ್ಕೂ ಬರಲಿಲ್ಲ. ರೊಟ್ಟಿ ತಿಂದೆ, ನೀರು ಕುಡಿದೆ, ಅವರನ್ನು ಬೈದೆ. ಬಿಸಿಲು ಇಳಿದು ನೆರಳು ಉದ್ದ ಆದ ಮೇಲೆ ಜೀಪು ಬಂತು. ಮುಂದೆ ಸಾಹೇಬರು, ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ನನ್ನ ಮೈದುನ. ಗಿಡದ ಕೆಳಗಿಂದ ನಾನು ಎದ್ದು ಬಂದದ್ದು ನೋಡಿ ಅವನ ಮುಖದ ಇಸ್ತ್ರಿ ಕೆಟ್ಟಿತು.

"ವೈನಿ, ನೀವ್ಯಾಕ ಇಲ್ಲಿ?"

"ನನ್ನ ಹೊಲಕ್ಕ ನಾ ಬರಾಕ ನಿನ್ನ ಪರವಾನಗಿ ಬೇಕೇನೋ?"

ಸಾಹೇಬರು ನನ್ನನ್ನು ಗುರುತು ಹಿಡಿದರು. "ಓಹೋ, ಕೃಷ್ಣಮೃಗ ಹೊಡೆಯೋ ಅಮ್ಮ! ನೀನು ಇಲ್ಲಿ?" ಅಂದರು. ನಾನು ಉತ್ತರ ಕೊಡುವ ಮೊದಲೇ ಆಚೆಯ ಬದುವಿನ ಮೇಲೆ ಮೊದಲನೆಯದು ಕಾಣಿಸಿತು. ಕರೀ ಗಂಡು, ಸುರುಳಿ ಕೋಡಿನದು. ಅದರ ಹಿಂದೆ ಹೆಣ್ಣು, ಮರಿ, ಮತ್ತೆ ಹೆಣ್ಣು. ಸಂಜೆಯ ಹೊತ್ತು ಅವಕ್ಕೆ ಊಟದ ಹೊತ್ತು. ತಮ್ಮಪ್ಪನ ಮನೆಯೋ ಅನ್ನುವ ಹಾಗೆ ಇಳಿದು ಮೊಳಕೆಗೆ ಬಾಯಿ ಹಾಕಿದವು. ಸಾಹೇಬರು ಬಾಯಿ ತೆರೆದು ನೋಡುತ್ತ ನಿಂತುಬಿಟ್ಟರು, ಕೈ ಮೊಬೈಲು ಹುಡುಕುತ್ತಿತ್ತು.

"ಸಾಹೇಬ್ರ, ಅವತ್ತ ನಾ ಹೇಳಿದ್ದು ಏನಂತ ತಿಳಿಯಬೇಕಲ್ಲೇನ್ರಿ ನಿಮಗ? ಈಗ ಚಿಗರಿ ಹೊಡೀತೀನಿ. ಕಣ್ಣು ಬಿಟ್ಟು ನೋಡ್ರಿ."

"ಏಯ್, ಏಯ್, ಬೇಡಮ್ಮ!" ಅನ್ನುತ್ತ ಅವರು ಕೈ ಅಡ್ಡ ಹಿಡಿಯುವ ಮೊದಲೇ ನಾನು ಡಬ್ಬಿ ಎತ್ತಿಕೊಂಡು ಸಾಲಿನ ನಡುವೆ ಓಡಿದೆ. ಹೋ ಹೋ ಹೊಯ್ ಅಂತ ಕೂಗಿದೆ. ಡಬ್ಬಿ ಬಡಿದೆ. ಬೈದೆ. ಚಿಗರಿಗೆ ಬೈದದ್ದು ಎಷ್ಟೋ, ಹಿಂದೆ ನಿಂತ ಇಬ್ಬರಿಗೆ ಬೈದದ್ದು ಎಷ್ಟೋ, ಲೆಕ್ಕ ಇಟ್ಟಿಲ್ಲ. ಹಿಂಡು ತಲೆ ಎತ್ತಿತು, ನೆಗೆಯಿತು, ಬದು ಹಾರಿ ಹೋಯಿತು. ಕೂದಲು ಕೆದರಿ, ಸೆರಗು ಜಾರಿ, ಏದುಸಿರು ಬಿಡುತ್ತ ಅವರ ಮುಂದೆ ಬಂದು ನಿಂತೆ.

"ಇದಕ್ಕರಿ ನಮ್ಮ ಕಡೆ ಚಿಗರಿ ಹೊಡಿಯೂದು ಅನ್ನೂದು. ಹೋಗಿ ನೋಡ್ಕೊಂಡು ಬರ್ರಿ, ಎಲ್ಲ್ಯರ ಒಂದು ಸತ್ತು ಬಿದ್ದೈತೇನು!"

ಸಾಹೇಬರು ಬದುವಿನ ಕಡೆ ನೋಡಿದರು, ನನ್ನ ಡಬ್ಬಿ ನೋಡಿದರು. "ಓ... ಓಡಿಸೋದಾ?" ಅಂದರು. ಅಂತೂ ಆ ಶಬ್ದ ಅವರ ಬಾಯಿಂದಲೇ ಬಂತು. ಇನ್ನೇನು ನನ್ನ ಬಂದೂಕು ಬಂತು ಅಂದುಕೊಂಡೆ. ಆಗ ಅವರು ನಗುತ್ತ, "ಬಂದೂಕು ಇಲ್ದೇನೇ ಇಷ್ಟು ಚೆನ್ನಾಗಿ ಓಡಿಸ್ತೀಯಲ್ಲಮ್ಮ. ಮತ್ತೆ ಯಾಕೆ ನಿನಗೆ ಬಂದೂಕು?" ಅಂದರು.

ಏನಂತ ಹೇಳಲಿ? ದಿನಾ ಎದ್ದು ಹೀಗೆ ಓಡಿದರೆ ಮೊಣಕಾಲು ಏನಾಗುತ್ತದೆ, ಗಂಟಲು ಏನಾಗುತ್ತದೆ, ಇವರು ಜೀಪು ಹತ್ತಿದ ಮೇಲೆ ಆ ಹಿಂಡು ಎಷ್ಟು ಬೇಗ ತಿರುಗಿ ಬರುತ್ತದೆ? ಹೇಳಿದೆ, ಎಲ್ಲವನ್ನೂ ಹೇಳಿದೆ. ಅವರು ಗೋಣು ಅಲ್ಲಾಡಿಸಿದರು. ಗೋಣು ಅಲ್ಲಾಡಿಸುವುದಕ್ಕೆ ಯಾವ ಪರವಾನಗಿಯೂ ಬೇಡ. ನನ್ನ ಬಂದೂಕಿನ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಕಾಕಾ ಅದನ್ನು ಸರಕಾರಕ್ಕೇ ಒಪ್ಪಿಸಿ ಕೈ ತೊಳೆದುಕೊಂಡರು.

ಆದರೆ ಹೊಲದ ಕಥೆ ಮುಗಿದಿರಲಿಲ್ಲ. ಸಾಹೇಬರು ಕಡತ ಬಿಚ್ಚಿದರು. "ಈ ಜಮೀನು ಇವರು ಮಾಡ್ತಾರೆ ಅಂತ ಅರ್ಜೀಲಿದೆ. ನೀನು ನನ್ನ ಹೊಲ ಅಂತೀಯ. ನಿಜವಾಗಿ ಯಾರಮ್ಮ ಮಾಡ್ತಿರೋದು?"

"ಜಂಟಿ ಮನಿತನರಿ ಸರ್" ಅಂತ ಮೈದುನ ನಡುವೆ ಬಾಯಿ ಹಾಕಿದ. "ಎಲ್ಲಾರೂ ಕೂಡಿ..."

"ನಾ ಹೊಡೀತೀನ್ರಿ" ಅಂದೆ.

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು ಮೈದುನನನ್ನು ನೋಡಿದರು. "ಇವರನ್ನಾ?"

"ಅಲ್ರೀ. ಈ ಹೊಲಾ ನಾ ಹೊಡೀತೀನಿ."

ಅವರು ಈ ಸಲ ನನ್ನ ಮೇಲೆ ಹಾರಿ ಬೀಳಲಿಲ್ಲ. ಅಷ್ಟಾದರೂ ಕಲಿತಿದ್ದರು. ಅವತ್ತಿನ ಹಾಗೇ ಮೈದುನನ ಕಡೆ ತಿರುಗಿದರು. "ಏನಪ್ಪ, ಹೊಲ ಹೊಡೆಯೋದು ಅಂದ್ರೆ ಏನು?"

ಮೈದುನ ಬೂಟಿನ ತುದಿ ನೋಡಿದ. ಬದು ನೋಡಿದ. ಇಲ್ಲಿ ನೋಡಲು ಕಿಟಕಿ ಇರಲಿಲ್ಲ. ನಾನು ಅವನ ಮುಂದೆ ಹೋಗಿ ನಿಂತೆ.

"ಹೇಳೋ. ಕೃಷ್ಣಮೃಗ ಗೊತ್ತಿದ್ದಾಂವಗ ಇದೂ ಗೊತ್ತಿರಬೇಕಲ್ಲಾ."

"ಉಳೂದುರಿ ಸರ್" ಅಂದ, ಗಂಟಲಲ್ಲೇ. "ಹೊಲಾ ಹೊಡಿಯೂದು ಅಂದ್ರ... ಉಳೂದು, ಬೆಳಿಯೂದು."

"ಹಂಗಾದ್ರೆ ಈ ಹೊಲ ಹೊಡೆಯೋದು ಯಾರು?"

ಅತ್ತೆಯ ಮಾತು ಅವನಿಗೂ ನೆನಪಿತ್ತು. ಅವನ ಮುಖದಲ್ಲಿ ನನಗೆ ಕಾಣಿಸಿತು. ಹೊಲಾ ಯಾರು ಹೊಡೀತಾರೋ ಅವರದು. ಎದುರಿಗೆ ಸಾಹೇಬರು ಪೆನ್ನು ಹಿಡಿದು ನಿಂತಿದ್ದರು. ಅವರು ಹಾವೇರಿಯಿಂದ ಬಂದು ಕಣ್ಣಾರೆ ನೋಡಿದ ಮೇಲೆ ಬೇರೆ ಹೇಳಲು ಅವನಿಗೆ ಜಾಗ ಉಳಿದಿರಲಿಲ್ಲ.

"ವೈನಿ" ಅಂದ.

"ಜೋರಾಗಿ ಹೇಳು. ನನಗ ಕೇಳಲಿಲ್ಲ."

"ವೈನೀನ ಹೊಡೀತಾರ್ರಿ ಸರ್. ಈ ಹೊಲಾ ವೈನೀನ ಹೊಡೀತಾರ."

ಸಾಹೇಬರು ಬರೆದುಕೊಂಡರು. ಆಚೆಯ ಬದುವಿನ ಮೇಲೆ ಕರೀ ಗಂಡು ಮತ್ತೆ ಬಂದು ನಿಂತಿತ್ತು. ನಾನು ಡಬ್ಬಿ ಎತ್ತಿಕೊಂಡು ಚಿಗರಿ ಹೊಡೆಯಲು ಹೋದೆ.